ಆಯಿಲ್ ಪ್ರೆಶರ್ ಮುಳ್ಳು ಸುಳ್ಳು ಹೇಳ್ತಿದ್ಯಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಕಾಗದ, ಮೆಸೇಜುಗಳಲ್ಲಿ ಅರ್ಧಕ್ಕರ್ಧ ಆಯಿಲ್ ಪ್ರೆಶರ್, ಅಂದ್ರೆ ಪಂಪು ಇಂಜಿನ್ ಒಳಗೆ ಆಯಿಲ್ ತಳ್ಳೋ ಒತ್ತಡದ ಬಗ್ಗೇನೇ ಇದ್ವು. ಹಾಗಾಗಿ ಟೈರು, ಮೈಲೇಜು, ಎಸಿ ಪ್ರಶ್ನೆಗಳನ್ನೆಲ್ಲಾ ಮುಂದಿನ ತಿಂಗಳಿಗೆ ಇಟ್ಟು ಈ ಸಲ ಇದೊಂದನ್ನೇ ತಗೊಂಡಿದೀನಿ. ಪೆಟ್ರೋಲ್ ಮುಳ್ಳು ತಪ್ಪು ತೋರಿಸಿದ್ರೆ ದಾರಿ ಮಧ್ಯೆ ನಿಲ್ತೀರ, ಅಷ್ಟೇ. ಆಯಿಲ್ ಪ್ರೆಶರ್ ಮುಳ್ಳು ತಪ್ಪು ತೋರಿಸಿದ್ರೆ ಹಂಗಲ್ಲ, ಒಂದೋ ಚೆನ್ನಾಗಿರೋ ಇಂಜಿನ್ನನ್ನ ಸುಮ್ನೆ ಬಿಚ್ಚಿಸಿ ದುಡ್ಡು ಹಾಳು ಮಾಡ್ಕೋತೀರ, ಇಲ್ಲಾ ಸಾಯ್ತಿರೋ ಇಂಜಿನ್ನನ್ನ ಏನೂ ಆಗಿಲ್ಲ ಅಂದ್ಕೊಂಡು ಓಡಿಸ್ತೀರ. ಎರಡನ್ನೂ ನಾನು ಕಣ್ಣಾರೆ ನೋಡಿದೀನಿ.

ಪ್ರಶ್ನೆ: ಸರ್, ತೋಟದ ಕೆಲಸಕ್ಕೆ ಇಟ್ಕೊಂಡಿರೋ ಹಳೇ ಡೀಸೆಲ್ ಜೀಪು ನಮ್ಮದು. ಎರಡು ತಿಂಗಳ ಹಿಂದೆ ಇಂಜಿನ್ ಪೂರ್ತಿ ಬಿಚ್ಚಿ ಕೆಲಸ ಮಾಡ್ಸಿದ್ವಿ, ಬೇರಿಂಗು, ರಿಂಗ್ಸು, ಆಯಿಲ್ ಪಂಪು ಎಲ್ಲಾ ಹೊಸದು. ಅವತ್ತಿಂದ ಆಯಿಲ್ ಪ್ರೆಶರ್ ಮುಳ್ಳು ಸೀದಾ ಹೋಗಿ ಕೊನೇಲಿ ನಿಂತ್ಬಿಟ್ಟಿದೆ, ಸ್ಲೋದಲ್ಲೂ ಅಲ್ಲೇ, ರೇಸ್ ಕೊಟ್ರೂ ಅಲ್ಲೇ. ಹೊಸ ಇಂಜಿನ್ ಅಲ್ವಾ, ಪ್ರೆಶರ್ ಚೆನ್ನಾಗಿ ಬರ್ತಿದೆ, ಖುಷಿಪಡಿ ಅಂತಾರೆ ಮೆಕ್ಯಾನಿಕ್. ಖುಷಿಪಡ್ಬಹುದಾ?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಸ್ವಲ್ಪ ತಡೀರಿ, ಈಗ್ಲೇ ಬೇಡ. ಸರಿಯಾಗಿರೋ ಆಯಿಲ್ ಮುಳ್ಳು ಒಂದೇ ಕಡೆ ನಿಲ್ಲಲ್ಲ ಸರ್, ಆಡ್ತಾ ಇರುತ್ತೆ. ಬೆಳಿಗ್ಗೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದಾಗ ಆಯಿಲ್ ಗಟ್ಟಿ ಇರೋದ್ರಿಂದ ಮುಳ್ಳು ಮೇಲೆ ಹೋಗುತ್ತೆ, 60 ಪಿಎಸ್ಐ (ಪ್ರೆಶರ್ ಅಳೆಯೋ ಲೆಕ್ಕ) ತೋರಿಸಿದ್ರೂ ಆಶ್ಚರ್ಯ ಇಲ್ಲ, ಆಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಆಯಿಲ್ ಕಾದು ತೆಳ್ಳಗಾದ್ಮೇಲೆ ಸ್ಲೋದಲ್ಲಿ 15, 20ಕ್ಕೆ ಇಳಿಯುತ್ತೆ, ಕಾಲು ಒತ್ತಿದ್ರೆ ಮತ್ತೆ ಏರುತ್ತೆ. ಈ ಏರಿಳಿತ ಇದ್ರೇನೇ ಮುಳ್ಳಿಗೆ ಜೀವ ಇದೆ ಅಂತ. ನಿಮ್ಮದು ಆಡ್ತಾನೇ ಇಲ್ಲ, ಅಂದ್ರೆ ಅದು ಪ್ರೆಶರ್ ತೋರಿಸ್ತಿಲ್ಲ, ಬೇರೆ ಏನನ್ನೋ ತೋರಿಸ್ತಿದೆ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಇಂಜಿನ್ ಸ್ಟಾರ್ಟ್ ಮಾಡ್ಬೇಡಿ, ಕೀ ಮಾತ್ರ ಆನ್ ಮಾಡಿ ಮುಳ್ಳು ನೋಡಿ. ಇಂಜಿನ್ ತಿರುಗ್ತಿಲ್ಲ, ಪಂಪ್ ತಿರುಗ್ತಿಲ್ಲ, ಪ್ರೆಶರ್ ಸೊನ್ನೆ ಇರಲೇಬೇಕು. ಆವಾಗ್ಲೂ ಮುಳ್ಳು ಹೋಗಿ ಕೊನೇಲಿ ನಿಂತ್ರೆ ತಪ್ಪು ವೈರಿಂಗ್‌ನಲ್ಲೋ ಸೆಂಡರ್‌ನಲ್ಲೋ ಇದೆ, ನಿಮ್ಮ ಇಂಜಿನ್ ಪ್ರೆಶರ್ ಎಷ್ಟಿದೆ ಅಂತ ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ ಅಂತಲೇ ಅರ್ಥ.

ಸೆಂಡರ್ ಅಂದ್ರೆ ಬ್ಲಾಕ್‌ಗೆ ತಿರುಪಿರೋ ಆ ಡಬ್ಬಿ, ನಮ್ಮ ಗ್ಯಾರೇಜ್ ಭಾಷೇಲಿ ಆಯಿಲ್ ಯೂನಿಟ್. ಒಳಗಡೆ ಒಂದು ತೆಳು ತಗಡಿನ ಪರದೆ ಇರುತ್ತೆ, ಆಯಿಲ್ ಅದನ್ನ ತಳ್ಳಿದ ಹಾಗೆ ಒಂದು ಪುಟ್ಟ ಕಡ್ಡಿ ರೆಸಿಸ್ಟೆನ್ಸ್ ತಂತಿ ಮೇಲೆ ಸರಿಯುತ್ತೆ, ಆ ಓಮ್ ಲೆಕ್ಕ ನೋಡ್ಕೊಂಡು ಮೀಟರ್ ಮುಳ್ಳು ಆಡುತ್ತೆ. ಇದ್ರಲ್ಲಿ ಎರಡು ಜಾತಿ ಜಾಸ್ತಿ ಸಿಗುತ್ತೆ. ಒಂದು ಯೂರೋಪ್ ಲೆಕ್ಕದ್ದು, ಪ್ರೆಶರ್ ಇಲ್ದಾಗ ಸುಮಾರು 10 ಓಮ್, ಫುಲ್ ಪ್ರೆಶರ್‌ಗೆ 180 ಹತ್ತಿರ. ಇನ್ನೊಂದು ಅಮೆರಿಕಾ ಲೆಕ್ಕದ್ದು, ಅದು ಉಲ್ಟಾ, ಪ್ರೆಶರ್ ಇಲ್ದಾಗ 240, ಫುಲ್‌ಗೆ 33. ಮೊದಲನೇ ಜಾತೀಲಿ ವೈರ್ ಕಟ್ ಆದ್ರೆ ಮುಳ್ಳು ಫುಲ್‌ಗೆ ಹೋಗುತ್ತೆ, ಎರಡನೇ ಜಾತೀಲಿ ವೈರ್ ಕಟ್ ಆದ್ರೆ ಸೊನ್ನೆಗೆ ಬೀಳುತ್ತೆ. ಒಂದು ಜಾತಿ ಮೀಟರ್‌ಗೆ ಇನ್ನೊಂದು ಜಾತಿ ಸೆಂಡರ್ ಹಾಕಿದ್ರಂತೂ ಮುಳ್ಳು ಬಾಯಿಗೆ ಬಂದಿದ್ದು ಹೇಳುತ್ತೆ, ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡೀಲಿ ಸೆಂಡರ್ ತಗೊಳ್ಳೋವಾಗ ಥ್ರೆಡ್ ಕೂತ್ರೆ ಸಾಕು ಅಂತ ತಗೊಂಡು ಬಂದೋರಿಗೆಲ್ಲ ಇದೇ ಆಗಿರೋದು.

ಆದ್ರೆ ನಿಮ್ಮ ವಿಷಯದಲ್ಲಿ ನನಗೆ ಮೊದಲ ಅನುಮಾನ ಟೇಪ್ ಮೇಲೆ. ಇಂಜಿನ್ ಕೆಲಸ ಆದ್ಮೇಲೆ ಸೆಂಡರ್ ಹತ್ರ ಆಯಿಲ್ ಲೀಕ್ ಆಗ್ಬಾರ್ದು ಅಂತ ಪ್ಲಂಬರ್‌ಗಳು ನಲ್ಲಿಗೆ ಸುತ್ತೋ ಬಿಳಿ ಟೆಫ್ಲಾನ್ ಟೇಪನ್ನ ಥ್ರೆಡ್‌ಗೆ ನಾಕೈದು ಸುತ್ತು ಸುತ್ತಿ ತಿರುಪ್ತಾರೆ. ಒಂದೇ ವೈರ್ ಇರೋ ಸೆಂಡರ್‌ಗೆ ಅರ್ತ್, ಅಂದ್ರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ದಾರಿ, ಸಿಗೋದು ಅದೇ ಥ್ರೆಡ್ ಮೂಲಕ, ಬ್ಲಾಕಿಂದ. ಟೇಪ್ ಸುತ್ತಿದ್ರೆ ಅರ್ತ್ ದಾರಿ ಮುಚ್ಚಿ ಹೋಯ್ತು, ರೆಸಿಸ್ಟೆನ್ಸ್ ಜಾಸ್ತಿ ಆಯ್ತು, 10–180 ಜಾತಿ ಆಗಿದ್ರೆ ಮುಳ್ಳು ಮೇಲೆ ಹೋಗಿ ಕೂತ್ಕೊಳ್ತು. ಪ್ರೆಶರ್ ಇಲ್ದೇ ಇದ್ರೂ ಇದೆ ಅಂತ ತೋರಿಸೋ ತಪ್ಪು ಇದು, ಎಲ್ಲಕ್ಕಿಂತ ಅಪಾಯದ್ದು.

ಪರೀಕ್ಷೆ ಸುಲಭ. ಇಂಜಿನ್ ಆಫ್ ಇರ್ಲಿ, ಕೀನೂ ಆಫ್ ಇರ್ಲಿ, ಸೆಂಡರ್ ವೈರ್ ಕಳಚಿ, ಮಲ್ಟಿಮೀಟರನ್ನ ಓಮ್‌ಗೆ ಇಟ್ಟು ಒಂದು ಮೊನೆ ಸೆಂಡರ್ ತಲೆಗೆ, ಇನ್ನೊಂದು ಸೆಂಡರ್ ಮೈಗೆ ಹಿಡೀರಿ, ಎಷ್ಟು ಬಂತು ಬರ್ಕೊಳ್ಳಿ. ಆಮೇಲೆ ಎರಡನೇ ಮೊನೇನ ಬ್ಯಾಟರಿ ನೆಗೆಟಿವ್‌ಗೆ ಹಿಡೀರಿ. ಎರಡೂ ಸಲ ಒಂದೇ ಬಂದ್ರೆ ಅರ್ತ್ ಸರಿ ಇದೆ. ಮೈಗೆ ಹಿಡಿದಾಗ 10, ಬ್ಯಾಟರಿಗೆ ಹಿಡಿದಾಗ 100ಕ್ಕಿಂತ ಜಾಸ್ತಿ ಬಂದ್ರೆ ಕಳ್ಳ ಸಿಕ್ಕಿದ ಹಾಗೆ. ಸೆಂಡರ್ ಬಿಚ್ಚಿ ಟೇಪ್ ಎಲ್ಲಾ ಕಿತ್ತು, ವೈರ್ ಬ್ರಷ್‌ನಲ್ಲಿ ಥ್ರೆಡ್ ಉಜ್ಜಿ ಹಂಗೇ ಹಾಕಿ, ಲೀಕ್ ಭಯ ಇದ್ರೆ ಲಿಕ್ವಿಡ್ ಥ್ರೆಡ್ ಸೀಲರ್ ಒಂದು ಹನಿ ಸಾಕು, ಅದೂ ಒಳಗೆ ಹೋಗೋ ತುದಿಯ ಥ್ರೆಡ್ ಬಿಟ್ಟು.

ಇದೆಲ್ಲಾ ಆದ್ಮೇಲೂ ಒಂದು ಸಲ ನಿಜವಾದ ಪ್ರೆಶರ್ ಅಳೆಸಿ. ಹೊಸ ಇಂಜಿನ್, ಸಾವಿರಾರು ರೂಪಾಯಿ ಹಾಕಿದೀರ. ಸೆಂಡರ್ ಇದ್ದ ಜಾಗಕ್ಕೆ ಕೈ ಗೇಜ್ (ಕರೆಂಟ್ ಇಲ್ದೆ ಸೀದಾ ಪ್ರೆಶರ್ ಅಳೆಯೋ ಮೆಕ್ಯಾನಿಕಲ್ ಮೀಟರ್) ತಿರುಪಿ, ಇಂಜಿನ್ ಚೆನ್ನಾಗಿ ಕಾಯಿಸಿ ಸ್ಲೋದಲ್ಲಿ ಎಷ್ಟು, 2000 ಆರ್‌ಪಿಎಂನಲ್ಲಿ ಎಷ್ಟು ಅಂತ ನೋಡೋದು. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್ಐ ಇರ್ಬೇಕು ಅನ್ನೋದು ಮೆಕ್ಯಾನಿಕ್‌ಗಳ ಹಳೇ ಲೆಕ್ಕ, ಸುಮಾರಿಗೆ ಸರಿ ಇದೆ, ಆದ್ರೆ ಕೊನೇ ಮಾತು ನಿಮ್ಮ ಇಂಜಿನ್ನಿನ ಸರ್ವಿಸ್ ಪುಸ್ತಕದ್ದೇ. ಮೀಟರ್‌ನಲ್ಲಿ ಕೆಜಿ ಲೆಕ್ಕ ಇದ್ರೆ ಒಂದು ಕೆಜಿ ಅಂದ್ರೆ 14 ಪಿಎಸ್ಐ ಅಂತ ಇಟ್ಕೊಳ್ಳಿ. ಅಳೆದಾಗ ನಿಜವಾಗ್ಲೂ ಕಾದ ಇಂಜಿನ್‌ನಲ್ಲೂ ಪ್ರೆಶರ್ ವಿಪರೀತ ಬಂತಾ, ಹಂಗಾದ್ರೆ ಜಾಸ್ತಿ ಆದ ಪ್ರೆಶರ್ ಬಿಡೋ ರಿಲೀಫ್ ವಾಲ್ವ್ ಮುಚ್ಚಿಕೊಂಡೇ ಜಾಮ್ ಆಗಿದೆ, ಅದನ್ನೂ ಬಿಡ್ಬಾರ್ದು, ಫಿಲ್ಟರ್ ಸೀಲ್ ಕಿತ್ಕೊಂಡು ಬರುತ್ತೆ.

ಪ್ರಶ್ನೆ: ಸರ್, ನನ್ನ ಹ್ಯಾಚ್‌ಬ್ಯಾಕ್ ಕಾರು 90 ಸಾವಿರ ಕಿ.ಮೀ. ಓಡಿದೆ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತ್ರೆ ಕೆಂಪು ಆಯಿಲ್ ಲೈಟ್ ಮಿಣಮಿಣ ಅನ್ನುತ್ತೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ರೆ ಆಫ್ ಆಗುತ್ತೆ. ಒಂದು ಗ್ಯಾರೇಜ್‌ನವರು ಇಂಜಿನ್ ಕೆಲಸ ಮಾಡ್ಲೇಬೇಕು ಅಂದ್ರು, ಇನ್ನೊಬ್ರು ಬರೀ ಸ್ವಿಚ್ ಹೋಗಿದೆ, ಚೇಂಜ್ ಮಾಡಿದ್ರೆ ಆಯ್ತು ಅಂದ್ರು, ಮೂರನೇಯವರು ದಪ್ಪ ಆಯಿಲ್ ಹಾಕಿ ಅಂದ್ರು. ಯಾರನ್ನ ನಂಬ್ಲಿ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಮೂವರಲ್ಲಿ ಯಾರೂ ಪ್ರೆಶರ್ ಅಳೆದಿಲ್ಲ ಅಲ್ವಾ? ಹಾಗಾಗಿ ಸದ್ಯಕ್ಕೆ ಯಾರನ್ನೂ ನಂಬ್ಬೇಡಿ.

ನಿಮ್ಮ ಕಾರಲ್ಲಿ ಮುಳ್ಳಿಲ್ಲ, ಲೈಟ್ ಮಾತ್ರ. ಆ ಲೈಟ್ ಹತ್ತೋದು ಪ್ರೆಶರ್ ಸುಮಾರು 4ರಿಂದ 7 ಪಿಎಸ್ಐಗಿಂತ ಕೆಳಗೆ ಬಿದ್ದಾಗ. ಅಂದ್ರೆ ಲೈಟ್ ಹತ್ತಿಲ್ಲ ಅಂದ ಮಾತ್ರಕ್ಕೆ ಪ್ರೆಶರ್ ಚೆನ್ನಾಗಿದೆ ಅಂತಲ್ಲ, ಲೈಟ್ ಹತ್ತಿತು ಅಂದ್ರೆ ಮಾತ್ರ ಪರಿಸ್ಥಿತಿ ತುಂಬಾ ಕೆಳಗೆ ಹೋಗಿದೆ ಅಂತ, ಇಂಜಿನ್ ಮೇಲಿರೋ, ಆ ಲೈಟ್ ಹತ್ತಿಸೋ ಪ್ರೆಶರ್ ಸ್ವಿಚ್ ಸರಿ ಇದ್ರೆ.

ಮೊದಲು ಡಿಪ್ ಸ್ಟಿಕ್, ಅಂದ್ರೆ ಆಯಿಲ್ ಲೆವೆಲ್ ನೋಡೋ ಕಡ್ಡಿ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಎಳೀರಿ, ಒರೆಸಿ ಮತ್ತೆ ಹಾಕಿ ಎಳೀರಿ. ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಮಧ್ಯೆ ಬಹಳಷ್ಟು ಕಾರುಗಳಲ್ಲಿ ಒಂದು ಲೀಟರ್ ಹತ್ತಿರ ವ್ಯತ್ಯಾಸ ಇರುತ್ತೆ, ಸಣ್ಣ ಇಂಜಿನ್‌ಗೆ ಅದು ತುಂಬಾ ದೊಡ್ಡದು. ಆಯಿಲ್ ಕಮ್ಮಿ ಇದ್ರೆ ಹಾಕಿ ಎರಡು ದಿನ ನೋಡಿ, ಎಷ್ಟೋ ಜನರ ಕಥೆ ಇಲ್ಲೇ ಮುಗಿಯುತ್ತೆ.

ಲೆವೆಲ್ ಸರಿ ಇದ್ರೆ ಸ್ವಿಚ್ ನೋಡಿ. ಕಪ್ಲರ್ ಕಳಚಿ ಒಳಗೆ ಬೆರಳು ಹಾಕಿ, ಆಯಿಲ್ ಜಿಡ್ಡು ಅಂಟಿದ್ರೆ ಸ್ವಿಚ್ಚಿನ ಒಳಗಿನ ಪರದೆ ಹರಿದಿದೆ, ಹೊಸದು ಹಾಕ್ಬೇಕು. ಮಲ್ಟಿಮೀಟರ್ ಇದ್ರೆ ಇನ್ನೂ ಒಳ್ಳೇದು, ಇಂಜಿನ್ ಆಫ್ ಇದ್ದಾಗ ಸ್ವಿಚ್ ತಲೆಗೂ ಮೈಗೂ ಮಧ್ಯೆ ಬೀಪ್ ಬರ್ಬೇಕು, ಸ್ಟಾರ್ಟ್ ಆದ್ಮೇಲೆ ಬೀಪ್ ನಿಲ್ಬೇಕು.

ಆದ್ರೆ ಸ್ವಿಚ್ ಹಾಕಿ ಲೈಟ್ ನಿಂತ್ರೆ ಕೈ ತೊಳ್ಕೊಂಡ್ಬಿಡೋದು ಸರಿಯಲ್ಲ, ಇದನ್ನ ನಾನು ಕಲ್ತಿದ್ದು ಕೆಟ್ಟ ರೀತೀಲಿ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಇದೇ ಥರ ಮಿಣಮಿಣ ಲೈಟ್ ಅಂತ ಒಬ್ರು ಕಾರು ತಂದ್ರು, ಸ್ವಿಚ್ ಚೇಂಜ್ ಮಾಡ್ದೆ, ಲೈಟ್ ನಿಂತ್ಕೊಳ್ತು, ಕಳಿಸ್ಬಿಟ್ಟೆ. ಮೂರನೇ ವಾರ ಅದೇ ಕಾರು ಹಗ್ಗ ಕಟ್ಟಿಸ್ಕೊಂಡು ಬಂತು, ಬಿಗ್ ಎಂಡ್ ಬೇರಿಂಗ್ ಹೋಗಿತ್ತು. ಚೇಂಬರ್, ಅಂದ್ರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ತೊಟ್ಟಿ, ಬಿಚ್ಚಿ ನೋಡಿದ್ರೆ ಆಯಿಲ್ ಎಳ್ಕೊಳ್ಳೋ ಸ್ಟ್ರೈನರ್ ಜಾಲರಿ ಮೇಲೆ ಕಿತ್ತಳೆ ಬಣ್ಣದ ಗ್ಯಾಸ್ಕೆಟ್ ಪೇಸ್ಟ್, ಶಾವಿಗೆ ತುಂಡಿನ ಥರ ಸುರುಳಿ ಸುರುಳಿಯಾಗಿ ಅಂಟ್ಕೊಂಡಿತ್ತು. ಯಾರೋ ಹಿಂದೆ ಚೇಂಬರ್ ಪ್ಯಾಕಿಂಗ್ ಹಾಕೋವಾಗ ಧಾರಾಳವಾಗಿ ಹಚ್ಚಿದ್ದ ಪೇಸ್ಟ್ ಒಳಗಡೆ ಉದುರಿ ಜಾಲರಿ ಮುಕ್ಕಾಲು ಮುಚ್ಚಿತ್ತು. ಹಳೇ ಸ್ವಿಚ್ ಹೇಳ್ತಿದ್ದಿದ್ದು ನಿಜಾನೇ, ಹೊಸ ಸ್ವಿಚ್ ಸ್ವಲ್ಪ ಕಮ್ಮಿ ಪ್ರೆಶರ್‌ಗೆ ಹತ್ತೋ ಜಾತೀದು, ಅಷ್ಟೇ. ಐದು ನಿಮಿಷ ಕೈ ಗೇಜ್ ಹಾಕಿದ್ರೆ ಒಂದು ಇಂಜಿನ್ ಉಳೀತಿತ್ತು. ಅವತ್ತಿಂದ ನಾನು ಗೇಜ್ ಹಾಕ್ದೆ ಒಂದು ಗಾಡೀನೂ ಕಳಿಸಿಲ್ಲ.

ಹಾಗಾಗಿ ನೀವು ಗ್ಯಾರೇಜ್‌ಗೆ ಹೋಗಿ ಕೇಳ್ಬೇಕಾದ್ದು ಒಂದೇ ಮಾತು, ಮೆಕ್ಯಾನಿಕಲ್ ಗೇಜ್ ಹಾಕಿ ಪ್ರೆಶರ್ ತೋರಿಸಿ ಅಂತ. ಇಂಜಿನ್ ಚೆನ್ನಾಗಿ ಕಾದಿರ್ಬೇಕು, ಮನೆಯಿಂದ ಹತ್ತಿಪ್ಪತ್ತು ಕಿ.ಮೀ. ಓಡಿಸ್ಕೊಂಡೇ ಹೋಗಿ, ತಣ್ಣಗಿರೋವಾಗ ಅಳೆದ್ರೆ ಎಂಥ ಸವೆದ ಇಂಜಿನ್ನೂ ಪಾಸ್ ಆಗುತ್ತೆ. ಅಳೆದಾಗ ಪ್ರೆಶರ್ ಸರಿ ಬಂದ್ರೆ ಸ್ವಿಚ್ ಹಾಕಿಸಿ ನೆಮ್ಮದಿಯಾಗಿರಿ. ಕಮ್ಮಿ ಬಂದ್ರೆ ಮೊದಲು ಚೇಂಬರ್ ಇಳಿಸಿ ಸ್ಟ್ರೈನರ್ ನೋಡಿಸಿ, ಆಮೇಲೆ ರಿಲೀಫ್ ವಾಲ್ವ್, ಪಂಪ್, ಕೊನೇಗೆ ಬೇರಿಂಗ್. ಬೇರಿಂಗ್‌ಗೆ ಹೋಗೋ ಮೊದ್ಲೇ ಅರ್ಧ ಕೇಸುಗಳು ಮುಗಿಯುತ್ತವೆ ಅನ್ನೋದು ನನ್ನ ಅನುಭವ.

ದಪ್ಪ ಆಯಿಲ್ ಹಾಕೋ ಸಲಹೆ ಬಗ್ಗೆ. 5ಡಬ್ಲ್ಯೂ30 ಅನ್ನೋ ತೆಳು ಆಯಿಲ್ ಕೇಳೋ ಇಂಜಿನ್‌ಗೆ 20ಡಬ್ಲ್ಯೂ50 ಅನ್ನೋ ದಪ್ಪದ್ದು ಹಾಕಿದ್ರೆ ಲೈಟ್ ನಿಲ್ಬಹುದು, ಯಾಕಂದ್ರೆ ದಪ್ಪ ಆಯಿಲ್ ಸವೆದ ಸಂದಿಗಳಲ್ಲಿ ಬೇಗ ಸೋರಿ ಹೋಗಲ್ಲ, ಪ್ರೆಶರ್ ಏರುತ್ತೆ. ಆದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದೇ ದಪ್ಪ ಆಯಿಲ್ ಮೇಲಿನ ಕ್ಯಾಮ್‌ವರೆಗೆ ತಲುಪೋಕೆ ತಡ ಮಾಡುತ್ತೆ. ಜ್ವರ ಬಂದಾಗ ಥರ್ಮಾಮೀಟರ್ ಐಸ್‌ನಲ್ಲಿ ಇಟ್ಟ ಹಾಗೆ ಅದು, ಮಾಡ್ಬೇಡಿ.

ಪ್ರಶ್ನೆ: ನಮಸ್ಕಾರ, ನನ್ನ ಹಳೆ ಗಾಡಿಯಲ್ಲಿ ಒಂದು ವಿಚಿತ್ರ ಉಂಟು. ರಾತ್ರಿ ಹೆಡ್‌ಲೈಟ್ ಹಾಕಿದರೆ ಆಯಿಲ್ ಪ್ರೆಶರ್ ಮುಳ್ಳು ಸ್ವಲ್ಪ ಸರಿಯುತ್ತದೆ, ಇಂಡಿಕೇಟರ್ ಹಾಕಿದರೆ ಅದರ ಜೊತೆಗೆ ಟಿಕ್ ಟಿಕ್ ಅಂತ ಕುಣಿಯುತ್ತದೆ ಮಾರಾಯ್ರೆ. ಎಂತ ಮಾಡುವುದು?
– ಓದುಗರು, ಮಂಗಳೂರು

ಉತ್ತರ: ಇಂಡಿಕೇಟರ್ ಜೊತೆ ಇಂಜಿನ್ ಪ್ರೆಶರ್ ಕುಣಿಯಲ್ಲ, ಹಾಗಾಗಿ ನಿಮಗೆ ಇಂಜಿನ್ ಚಿಂತೆ ಬೇಡ. ಮೀಟರ್ ಬೋರ್ಡಿನ ಅರ್ತ್ ಸಡಿಲ ಆಗಿದೆ, ಇಲ್ಲಾ ತುಕ್ಕು ಹಿಡಿದಿದೆ, ಕಡಲ ಗಾಳಿ ಇರೋ ಊರಲ್ಲಿ ಇದು ಸಾಮಾನ್ಯ. ಡೀಸೆಲ್ ಮುಳ್ಳು, ಟೆಂಪರೇಚರ್ ಮುಳ್ಳೂ ಜೊತೇಲೇ ಅಲ್ಲಾಡ್ತವಾ ನೋಡಿ, ಎಲ್ಲವೂ ಅಲ್ಲಾಡಿದ್ರೆ ಅನುಮಾನವೇ ಇಲ್ಲ. ಮೀಟರ್ ಬೋರ್ಡ್ ಹಿಂದಿನ ಕಪ್ಪು ಅರ್ತ್ ವೈರ್ ಬಾಡಿಗೆ ಎಲ್ಲಿ ಬೋಲ್ಟ್ ಆಗಿದೆ ಹುಡುಕಿ, ಬಿಚ್ಚಿ, ಪೇಂಟ್ ತುಕ್ಕು ಎಲ್ಲಾ ಉಜ್ಜಿ ಹೊಳೆಯೋ ಹಾಗೆ ಮಾಡಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಇಂಜಿನ್ನಿಂದ ಚಾಸಿಗೆ ಹೋಗೋ ದಪ್ಪ ಹೆಣೆದ ಅರ್ತ್ ಪಟ್ಟೀನೂ ಹಂಗೇ ನೋಡ್ಕೊಳ್ಳಿ.

ಪ್ರಶ್ನೆ: ಸರ್ ನಮಸ್ಕಾರ್ರೀ. ನಾನು ಶಾಲಿ ಟೀಚರ್ ಅದೀನಿ, ದಿನಾ 40 ಕಿಲೋಮೀಟರ್ ಕಾರ್ ಓಡಸ್ತೀನಿ. ನಮ್ಮ ಕಾರಿನ್ಯಾಗ ಆಯಿಲ್ ಲೈಟ್ ಒಟ್ಟ ಹತ್ತಂಗೇ ಇಲ್ಲ, ಕೀ ತಿರುವಿದಾಗೂ ಹತ್ತಂಗಿಲ್ಲ. ಬ್ಯಾರೆ ಎಲ್ಲಾ ಲೈಟ್ ಹತ್ತತಾವ. ಹತ್ತಲಿಲ್ಲಂದ್ರ ಛಲೋನೇ ಅಲ್ಲೇನ್ರೀ?
– ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಇಲ್ಲ ಮೇಡಂ, ಈ ತಿಂಗಳ ಎಲ್ಲಾ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಭಯ ತಂದಿದ್ದು ನಿಮ್ಮದೇ. ಇಂಥ ಕಾರುಗಳಲ್ಲಿ ಕೀ ತಿರುಗಿಸಿದ ತಕ್ಷಣ, ಇಂಜಿನ್ ಸ್ಟಾರ್ಟ್ ಆಗೋ ಮೊದಲು, ಆ ಕೆಂಪು ಆಯಿಲ್ ಡಬ್ಬಿ ಗುರುತು ಹತ್ತಲೇಬೇಕು. ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಆರ್ಬೇಕು. ನಿಮ್ಮದು ಹತ್ತುತ್ತಲೇ ಇಲ್ಲ ಅಂದ್ರೆ ಒಂದೋ ಬಲ್ಬ್ ಹೋಗಿದೆ, ಇಲ್ಲಾ ಸ್ವಿಚ್ಚಿನ ವೈರ್ ಕಳಚಿದೆ, ಇಲ್ಲಾ ಸ್ವಿಚ್ಚೇ ಸತ್ತಿದೆ. ನಾಳೆ ಚೇಂಬರ್‌ಗೆ ಕಲ್ಲು ಬಡಿದು ಆಯಿಲ್ ಪೂರ್ತಿ ಸೋರಿ ಹೋದ್ರೂ ನಿಮಗೆ ಯಾರೂ ಹೇಳೋರಿಲ್ಲ, ಆಯಿಲ್ ಇಲ್ಲದ ಇಂಜಿನ್ ಕೆಲವೇ ನಿಮಿಷಕ್ಕೆ ಹಿಡ್ಕೊಳ್ಳುತ್ತೆ. ಕೆಲವು ಸಲ ಲೈಟ್ ತೊಂದರೆ ಕೊಡ್ತಿದೆ ಅಂತ ಯಾರಾದ್ರೂ ವೈರನ್ನೇ ಕಿತ್ತಿಟ್ಟಿರ್ತಾರೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ರೆ ಅದನ್ನೂ ನೋಡ್ಸಿ. ಎಲೆಕ್ಟ್ರಿಷಿಯನ್ ಹತ್ರ ಹೋಗಿ ಸ್ವಿಚ್ ವೈರ್ ಕಳಚಿ, ಕೀ ಆನ್ ಇಟ್ಟು ಅದರ ತುದೀನ ಬ್ಲಾಕ್‌ಗೆ ಒಂದು ಕ್ಷಣ ಮುಟ್ಟಿಸೋಕೆ ಹೇಳಿ. ಲೈಟ್ ಹತ್ತಿದ್ರೆ ವೈರು ಬಲ್ಬು ಸರಿ, ಸ್ವಿಚ್ ಹೋಗಿದೆ. ಹತ್ತದಿದ್ರೆ ವೈರು ಇಲ್ಲಾ ಬಲ್ಬು. ಮುಂದಿನ ವಾರ ರಜೆ ಇದ್ದಾಗ ಮಾಡಿಸ್ತೀನಿ ಅನ್ಬೇಡಿ, ನಾಳೇನೇ ಮಾಡ್ಸಿ, ಅಲ್ಲೀತನಕ ದಿನಾ ಬೆಳಿಗ್ಗೆ ಡಿಪ್ ಸ್ಟಿಕ್ ನೋಡ್ದೆ ಹೊರಡ್ಬೇಡಿ.

ಪ್ರಶ್ನೆ: ಸರ್, ನಾವು ಹಾಸನದವರು, ಈಗ ಹೂಸ್ಟನ್‌ನಲ್ಲಿ ಇದೀವಿ. 2010ರ ವಿ8 ಪಿಕಪ್, ಹೈವೇಲಿ ಅರ್ಧ ಸಿಲಿಂಡರ್ ತಾನೇ ಆಫ್ ಆಗೋ ಥರದ್ದು. ವಾರದಿಂದ ಆಯಿಲ್ ಪ್ರೆಶರ್ ಒಂದೊಂದ್ಸಲ ಸೊನ್ನೆಗೆ ಬೀಳುತ್ತೆ, ಇಂಜಿನ್ ನಿಲ್ಲಿಸಿ ಅಂತ ಮೆಸೇಜ್ ಬರುತ್ತೆ, ಆದ್ರೆ ಇಂಜಿನ್ ಒಂಚೂರೂ ಸದ್ದಿಲ್ದೆ ಓಡುತ್ತೆ. ವರ್ಕ್‌ಶಾಪ್‌ನಲ್ಲಿ ಹೇಳಿದ ರೇಟ್ ಕೇಳಿ ತಲೆ ತಿರುಗಿತು.
– ಸಾಫ್ಟ್‌ವೇರ್ ಉದ್ಯೋಗಿ, ಟೆಕ್ಸಸ್

ಉತ್ತರ: ಮೆಸೇಜ್ ಬಂದಾಗ ಮೊದಲು ಪಕ್ಕಕ್ಕೆ ಹಾಕಿ ಆಫ್ ಮಾಡಿ, ಆಯಿಲ್ ಲೆವೆಲ್ ನೋಡಿ, ಸದ್ದಿಲ್ಲ ಅಂತ ಧೈರ್ಯ ಮಾಡಿ ಓಡಿಸ್ಬೇಡಿ. ಅದಾದ್ಮೇಲೆ ಇಂಜಿನ್ ಬಿಚ್ಚೋಕೆ ಒಪ್ಪೋ ಮೊದಲು ಒಂದು ಸಣ್ಣ ಜಾಗ ನೋಡ್ಸಿ. ಸಿಲಿಂಡರ್ ಆಫ್ ಆಗೋ ಆ ಥರದ ವಿ8ಗಳಲ್ಲಿ ಪ್ರೆಶರ್ ಸೆನ್ಸರ್ ಇಂಜಿನ್ನಿನ ಹಿಂಭಾಗದಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡ್ ಹಿಂದೆ ಫೈರ್‌ವಾಲ್‌ಗೆ ಒತ್ಕೊಂಡಿರುತ್ತೆ, ಕೈ ಹೋಗೋದೇ ಕಷ್ಟ. ಸೆನ್ಸರ್ ಬಿಚ್ಚಿದ್ರೆ ಅದರ ಕೆಳಗಡೆ ತೂತಿನಲ್ಲಿ ಬೆರಳ ತುದಿಗಿಂತ ಚಿಕ್ಕ ಒಂದು ಜಾಲರಿ ಟೋಪಿ ಇರುತ್ತೆ. ಆಯಿಲ್ ಚೇಂಜ್ ತಡ ಮಾಡಿದ್ರೆ ಕಪ್ಪು ಕೆಸರು ಅದಕ್ಕೆ ಮೆತ್ಕೊಂಡು ಸೆನ್ಸರ್‌ಗೆ ಆಯಿಲ್ ತಲುಪಲ್ಲ, ಇಂಜಿನ್‌ಗೆಲ್ಲಾ ಪ್ರೆಶರ್ ಇದ್ರೂ ಸೆನ್ಸರ್‌ಗೆ ಮಾತ್ರ ಇಲ್ಲ. ಜಾಲರಿ, ಸೆನ್ಸರ್ ಎರಡೂ ಹೊಸದು ಹಾಕಿಸಿ, ಸೆನ್ಸರ್ ಬಿಚ್ಚಿದಾಗಲೇ ಅಲ್ಲಿಗೆ ಕೈ ಗೇಜ್ ಹಾಕಿಸಿ ನೋಡ್ಬಿಡಿ, ಯಾಕಂದ್ರೆ ಅದೇ ಇಂಜಿನ್‌ಗಳಲ್ಲಿ ಆಯಿಲ್ ಎಳ್ಕೊಳ್ಳೋ ಪೈಪಿನ ಓ-ರಿಂಗ್ ಗಟ್ಟಿಯಾಗಿ ಗಾಳಿ ಎಳೆದು ನಿಜವಾಗ್ಲೂ ಪ್ರೆಶರ್ ಬೀಳೋದೂ ಇದೆ, ಎರಡನ್ನೂ ಬೇರೆ ಮಾಡಿ ತೋರಿಸೋದು ಗೇಜ್ ಮಾತ್ರ.

ಮೇಲೆ ಹೇಳಿದ ವೈರ್ ಮುಟ್ಟಿಸೋ ಪರೀಕ್ಷೆಗಳನ್ನ ನಿಮ್ಮ ಗಾಡೀಲಿ ಮಾಡ್ಬೇಡಿ. ನಿಮ್ಮದು ಮೂರು ವೈರಿನ ಸೆನ್ಸರ್, 5 ವೋಲ್ಟ್ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ಸಿಗ್ನಲ್ ಕೊಡುತ್ತೆ, ಪ್ರೆಶರ್ ಇಲ್ದಾಗ ಅರ್ಧ ವೋಲ್ಟ್ ಹತ್ತಿರ. ಸ್ಕ್ಯಾನರ್ ಹಾಕಿ ಕಂಪ್ಯೂಟರ್ ಎಷ್ಟು ಓದ್ತಿದೆ ನೋಡ್ಬೇಕು. ಸ್ಕ್ಯಾನರ್‌ನಲ್ಲಿ 40 ಪಿಎಸ್ಐ ಬಂದು ಮುಳ್ಳು ಸೊನ್ನೇಲಿದ್ರೆ ಮೀಟರ್ ಒಳಗೆ ಮುಳ್ಳು ತಿರುಗಿಸೋ ಪುಟ್ಟ ಸ್ಟೆಪ್ಪರ್ ಮೋಟರ್ ಹೋಗಿರೋದು.

ಮುಳ್ಳು ಇದೆ ಅಂತ ಎಲ್ಲಾ ಮುಳ್ಳನ್ನೂ ನಂಬೋ ಹಾಗಿಲ್ಲ ಅನ್ನೋದಕ್ಕೆ ಒಂದು ಉದಾಹರಣೆ ಇಲ್ಲೇ ಹೇಳ್ಬಿಡ್ತೀನಿ, ನಿಮ್ಮ ಕಡೆ ತುಂಬಾ ಇರೋ ಮಾಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರಲ್ಲಿ 1994ರವರೆಗೆ ಬಂದಿದ್ದು ನಿಜವಾದ ಪ್ರೆಶರ್ ಗೇಜ್, 1995ರಿಂದ ಸೆಂಡರ್ ಜಾಗಕ್ಕೆ ಬರೀ ಸ್ವಿಚ್ ಬಂತು. ಮುಳ್ಳು ಅಲ್ಲೇ ಇದೆ, ಆದ್ರೆ ಪ್ರೆಶರ್ ಸ್ವಲ್ಪ ಇದ್ರೂ ನಡೂ ಮಧ್ಯೆ ನಿಲ್ಲುತ್ತೆ, ಇಲ್ದಿದ್ರೆ ಬೀಳುತ್ತೆ. ಅಂದ್ರೆ ಅದು ಮುಳ್ಳಿನ ವೇಷ ಹಾಕಿದ ಲೈಟು. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋವಾಗ ರೇಸ್ ಕೊಟ್ಟು ಮುಳ್ಳು ಅಲ್ಲಾಡುತ್ತಾ ನೋಡಿ.

ಪ್ರಶ್ನೆ: ಸರ್, ನಾನು ಟೂರಿಸ್ಟ್ ಗಾಡಿ ಓಡಿಸುವವ. ಚಾರ್ಮಾಡಿ ಘಾಟಿ ಹತ್ತುವಾಗ ದೊಡ್ಡ ತಿರುವುಗಳಲ್ಲಿ ಆಯಿಲ್ ಮುಳ್ಳು ಸರ್ರನೆ ಕೆಳಗೆ ಬಿದ್ದು ತಿರುವು ಮುಗಿದ ಕೂಡಲೇ ಮೇಲೆ ಬರ್ತದೆ. ಕೆಳಗೆ ಉಜಿರೆ ರೋಡಲ್ಲಿ ಏನೂ ಇಲ್ಲ. ಮೀಟರ್ ಹಾಳಾದ್ದಾ?
– ಚಾಲಕರು, ಬೆಳ್ತಂಗಡಿ

ಉತ್ತರ: ಮೀಟರ್ ಸರಿಯಾಗೇ ಇದೆ ಅಣ್ಣ, ಅದು ನಿಮ್ಮನ್ನ ಕರೀತಿದೆ. ತಿರುವಿನಲ್ಲಿ ಚೇಂಬರ್ ಒಳಗಿನ ಆಯಿಲ್ ಒಂದು ಪಕ್ಕಕ್ಕೆ ಹೋಗುತ್ತೆ, ಏರು ಬೇರೆ ಇರೋದ್ರಿಂದ ಹಿಂದಕ್ಕೂ ವಾಲುತ್ತೆ, ಆಯಿಲ್ ಕಮ್ಮಿ ಇದ್ರೆ ಸ್ಟ್ರೈನರ್ ಬಾಯಿ ಗಾಳೀಲಿ ಉಳಿಯುತ್ತೆ, ಪಂಪ್ ಗಾಳಿ ಎಳೆಯುತ್ತೆ, ಮುಳ್ಳು ಬೀಳುತ್ತೆ. ಬಿದ್ದ ಆ ಎರಡು ಸೆಕೆಂಡು, ಫುಲ್ ಲೋಡ್‌ನಲ್ಲಿ ಬೇರಿಂಗ್‌ಗೆ ಆಯಿಲ್ ಇಲ್ಲ. ಒಂದು ಟ್ರಿಪ್‌ನಲ್ಲಿ ಎಷ್ಟು ತಿರುವು ಅಂತ ನಿಮಗೇ ಗೊತ್ತು.

ಕೊಟ್ಟಿಗೆಹಾರದಲ್ಲಿ ಚಾ ಕುಡಿಯೋಕೆ ನಿಲ್ಲಿಸ್ತೀರಲ್ಲ, ಅಲ್ಲಿ ಸಮತಟ್ಟು ಜಾಗ ನೋಡಿ ನಿಲ್ಸಿ ಡಿಪ್ ಸ್ಟಿಕ್ ಎಳೀರಿ. ಲೆವೆಲ್ ಕಮ್ಮಿ ಇದ್ರೆ ಹಾಕಿ, ಜಾಸ್ತಿ ಹಾಕ್ಬೇಡಿ, ಮೇಲಿನ ಗುರುತು ದಾಟಿದ್ರೆ ಕ್ರ್ಯಾಂಕ್ ಆಯಿಲ್ ಕಡೆದು ನೊರೆ ಮಾಡುತ್ತೆ, ನೊರೆಗೂ ಪ್ರೆಶರ್ ಬರಲ್ಲ. ಲೆವೆಲ್ ಸರಿ ಇದ್ದೂ ಮುಳ್ಳು ಬಿದ್ರೆ ಗಾಡಿ ಕೆಳಗೆ ಮಲಗಿ ಚೇಂಬರ್ ತಳ ನೋಡಿ. ಹಂಪ್‌ಗೋ ಕಲ್ಲಿಗೋ ತಾಗಿ ತಳ ಒಳಗೆ ತಗ್ಗಿದ್ರೆ ಅದು ಸ್ಟ್ರೈನರ್ ಬಾಯಿಗೆ ಒತ್ತಿ ಆಯಿಲ್ ದಾರಿ ಮುಚ್ಚಿರುತ್ತೆ. ಲೀಕ್ ಇಲ್ಲ ಅಂತ ಬಿಟ್ಟಿರ್ತೀರ, ಬಿಡ್ಬಾರ್ದು. ಚೇಂಬರ್ ಇಳಿಸಿ ತಗ್ಗು ಎತ್ತಿಸಿ, ಸ್ಟ್ರೈನರ್ ಪೈಪ್ ಬಿರುಕು ಬಿಟ್ಟಿದ್ಯಾ ನೋಡ್ಸಿ.

ಪ್ರಶ್ನೆ: ಬಿಎಸ್6 ಡೀಸೆಲ್ ಕಾರು, ಮನೆಯಿಂದ ಆಫೀಸ್‌ಗೆ 6 ಕಿ.ಮೀ. ಅಷ್ಟೇ. ಆಯಿಲ್ ಲೆವೆಲ್ ಕಮ್ಮಿ ಆಗೋ ಬದಲು ಜಾಸ್ತಿ ಆಗಿದೆ, ಬಿಸಿಯಾದಾಗ ಆಯಿಲ್ ಲೈಟೂ ಒಂದೆರಡು ಸಲ ಬಂತು. ಲೆವೆಲ್ ಜಾಸ್ತಿ ಇದ್ದೂ ಲೈಟ್ ಬಂದ್ರೆ ಸ್ವಿಚ್ ತಪ್ಪು ತಾನೇ?
– ಓದುಗರು, ಬೆಂಗಳೂರು

ಉತ್ತರ: ಅಲ್ಲ. ಡಿಪ್ ಸ್ಟಿಕ್ ಮೂಸಿ ನೋಡಿ, ಡೀಸೆಲ್ ವಾಸನೆ ಬರುತ್ತೆ. ನಿಮ್ಮ ಸೈಲೆನ್ಸರ್ ಲೈನಲ್ಲಿ ಮಸಿ ಹಿಡಿಯೋ ಡಿಪಿಎಫ್ ಇದೆ, ಅದನ್ನ ಸುಟ್ಟು ಕ್ಲೀನ್ ಮಾಡೋಕೆ ಇಂಜಿನ್ ತಡವಾಗಿ ಸ್ವಲ್ಪ ಹೆಚ್ಚುವರಿ ಡೀಸೆಲ್ ಹಾಕುತ್ತೆ, ಅದ್ರಲ್ಲಿ ಸ್ವಲ್ಪ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲ್‌ಗೆ ಸೇರುತ್ತೆ. 6 ಕಿಲೋಮೀಟರಿಗೆ ಗಾಡಿ ಆಫ್ ಮಾಡಿದ್ರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ, ಮತ್ತೆ ಡೀಸೆಲ್ ಇಳಿಯುತ್ತೆ. ಡೀಸೆಲ್ ಬೆರೆತ ಆಯಿಲ್ ನೀರಾಗುತ್ತೆ, ಪ್ರೆಶರ್ ಬೀಳುತ್ತೆ, ಲೈಟ್ ನಿಜ ಹೇಳ್ತಿದೆ. ಆಯಿಲ್, ಫಿಲ್ಟರ್ ಈಗಲೇ ಚೇಂಜ್ ಮಾಡ್ಸಿ, ಕಿಲೋಮೀಟರ್ ಲೆಕ್ಕ ನೋಡ್ಬೇಡಿ. ಆಮೇಲೆ ವಾರಕ್ಕೊಂದ್ಸಲ ತುಮಕೂರು ರೋಡಲ್ಲೋ ಮೈಸೂರು ರೋಡಲ್ಲೋ ಅರ್ಧ ಗಂಟೆ ಒಂದೇ ಸ್ಪೀಡ್‌ನಲ್ಲಿ ಓಡಿಸ್ಕೊಂಡು ಬನ್ನಿ.

ಪ್ರಶ್ನೆ: ಲೈಟ್ ಮಾತ್ರ ಇರೋ ನನ್ನ ಹಳೇ ಕಾರಿಗೆ ನಿಜವಾದ ಪ್ರೆಶರ್ ಗೇಜ್ ಹಾಕ್ಬೇಕು ಅಂತ ಆಸೆ. ಯಾವುದು ಒಳ್ಳೇದು?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಒಳ್ಳೇ ಆಸೆ. ಎರಡು ದಾರಿ ಇದೆ. ಒಂದು ಮೆಕ್ಯಾನಿಕಲ್, ಇಂಜಿನ್ನಿಂದ ಸಣ್ಣ ಪೈಪಲ್ಲಿ ಆಯಿಲ್ ಸೀದಾ ಮೀಟರ್‌ಗೆ ಬಂದು ಒಳಗಿನ ಬಾಗಿದ ಹಿತ್ತಾಳೆ ಕೊಳವೇನ ನೆಟ್ಟಗೆ ಮಾಡೋಕೆ ನೋಡುತ್ತೆ, ಅದಕ್ಕೆ ಮುಳ್ಳು ಕಟ್ಟಿರ್ತಾರೆ. ಫ್ರಾನ್ಸಿನ ಬೂರ್ಡಾನ್ ಅನ್ನೋರು 1849ರಲ್ಲಿ ಪೇಟೆಂಟ್ ಮಾಡಿದ್ದು, ಇವತ್ತಿಗೂ ನಮ್ಮ ಕೈ ಗೇಜ್ ಒಳಗೆ ಇರೋದು ಅದೇ. ಕರೆಂಟ್ ಬೇಡ, ಅರ್ತ್ ಬೇಡ, ನಂಬಿಕಸ್ತ. ಆದ್ರೆ ಬಿಸಿ ಆಯಿಲ್ ಡ್ಯಾಶ್‌ಬೋರ್ಡ್‌ವರೆಗೆ ಬರುತ್ತೆ, ಪೈಪ್ ಒಡೆದ್ರೆ ನಿಮ್ಮ ಕಾಲ ಮೇಲೆ ಬೀಳುತ್ತೆ, ಹಾಗಾಗಿ ದಿನಾ ಓಡಿಸೋ ಗಾಡಿಗೆ ನಾನು ಹೇಳೋದು ಎಲೆಕ್ಟ್ರಿಕಲ್, ಮೀಟರ್ ಮತ್ತೆ ಸೆಂಡರ್ ಒಂದೇ ಡಬ್ಬೀಲಿ ಜೋಡಿಯಾಗಿ ಬಂದಿದ್ದೇ ಆಗ್ಬೇಕು.

ಹಾಕೋವಾಗ ಹಳೇ ಸ್ವಿಚ್ಚನ್ನ ತೆಗೆದು ಬಿಸಾಕ್ಬೇಡ, ಟಿ ಜಾಯಿಂಟ್ ಹಾಕಿ ಎರಡನ್ನೂ ಇಡು, ಲೈಟೂ ಇರ್ಲಿ ಮುಳ್ಳೂ ಇರ್ಲಿ. ದಪ್ಪ ಸೆಂಡರನ್ನ ಟಿ ಮೇಲೆ ನೇರ ನೇತು ಹಾಕಿದ್ರೆ ಇಂಜಿನ್ ಅದುರಿ ಅದುರಿ ಟಿ ಕತ್ತು ಮುರಿಯುತ್ತೆ, ಸಣ್ಣ ಹೋಸ್ ಪೈಪ್ ಹಾಕಿ ಸೆಂಡರನ್ನ ಬಾಡಿಗೆ ಕ್ಲ್ಯಾಂಪ್ ಮಾಡಿ ಅದಕ್ಕೆ ಬೇರೆ ಅರ್ತ್ ವೈರ್ ಎಳೀಬೇಕು. ಥ್ರೆಡ್ ವಿಷಯದಲ್ಲಿ ಮಾತ್ರ ಅವಸರ ಮಾಡ್ಬೇಡ. ಒಂದೆಂಟನೇ ಇಂಚಿನ ಎನ್‌ಪಿಟಿ ಅನ್ನೋ ಅಮೆರಿಕಾ ಲೆಕ್ಕದ ಪೈಪ್ ಥ್ರೆಡ್‌ಗೆ ಇಂಚಿಗೆ 27 ಥ್ರೆಡ್, ಅದೇ ಅಳತೆಯ ಬ್ರಿಟಿಷ್ ಲೆಕ್ಕದ ಬಿಎಸ್‌ಪಿಗೆ 28, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ. ತಪ್ಪು ಜಾತಿ ಹಾಕಿದ್ರೆ ಎರಡು ಮೂರು ಸುತ್ತು ಆರಾಮಾಗಿ ಹೋಗಿ ಆಮೇಲೆ ಬಿಗಿ ಹಿಡಿಯುತ್ತೆ, ಅಲ್ಲಿ ಸ್ಪ್ಯಾನರ್ ಹಾಕಿ ಎಳೆದ್ರೆ ಅಲ್ಯೂಮಿನಿಯಂ ಬ್ಲಾಕ್ ಸೀಳುತ್ತೆ. ಬೆರಳಲ್ಲೇ ನಾಕೈದು ಸುತ್ತು ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಹಳೇ ಸ್ವಿಚ್ಚನ್ನ ಜೇಬಲ್ಲಿ ಹಾಕ್ಕೊಂಡು ಅಂಗಡಿಗೆ ಹೋಗಿ ಥ್ರೆಡ್ ಗೇಜ್ ಇಟ್ಟು ನೋಡಿಸಿ ಸರಿಯಾದ ಅಡಾಪ್ಟರ್ ತಗೊಂಡು ಬಾ.